ಟೊಳ್ಳು ಗೋಡೆಯ ಬಾತ್‌ರೂಮಿನಲ್ಲಿ ಭಾರ ಹೊರುವುದು ಯಾವುದು?

ಟವಲ್ ರಾಡ್ ಒಂದು ದಿನ ಸ್ವಲ್ಪ ಅಲ್ಲಾಡುತ್ತದೆ. ಸ್ಕ್ರೂ ಬಿಗಿ ಮಾಡಿದರೆ ನಾಲ್ಕು ದಿನ ಸರಿಯಿರುತ್ತದೆ. ಆಮೇಲೆ ಸ್ಕ್ರೂ ಸುಮ್ನೆ ಸುತ್ತುತ್ತಲೇ ಇರುತ್ತದೆ, ಬಿಗಿಯಾಗುವುದೇ ಇಲ್ಲ. ಕೊನೆಗೊಂದು ದಿನ ರಾಡು, ಪ್ಲಗ್ಗು, ಒಂದಿಷ್ಟು ಬಿಳಿ ಪುಡಿ ಎಲ್ಲ ಒಟ್ಟಿಗೆ ಕೈಗೆ ಬರುತ್ತವೆ. ಜಿಪ್ಸಮ್ ಬೋರ್ಡಿನ ಗೋಡೆ ಇರುವ ಮನೆಗಳಲ್ಲಿ ಇದು ಮಾಮೂಲು. ಜನ ರಾಡನ್ನು ಬೈಯುತ್ತಾರೆ, ಸ್ಕ್ರೂ ಹಾಕಿದವನನ್ನು ಬೈಯುತ್ತಾರೆ. ಆದರೆ ತಪ್ಪು ಸಾಮಾನ್ಯವಾಗಿ ಅದಕ್ಕಿಂತ ಮೊದಲೇ ಆಗಿರುತ್ತದೆ. ಈ ಭಾರವನ್ನು ಹೊರಬೇಕಾದ್ದು ಯಾವುದು ಅಂತ ಯಾರೂ ಯೋಚನೆ ಮಾಡಿರುವುದಿಲ್ಲ.

ಇಟ್ಟಿಗೆ ಗೋಡೆಯಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ, ಅಲ್ವಾ? ಎಲ್ಲಿ ತೂತು ಕೊರೆದರೂ ಒಳಗೆ ಗಟ್ಟಿ. ಬೋರ್ಡ್ ಗೋಡೆಯ ಕಥೆ ಬೇರೆ. ಎರಡು ಗಟ್ಟಿ ಕಾಗದಗಳ ನಡುವೆ ಜಿಪ್ಸಮ್ ತುಂಬಿ ಮಾಡಿದ ಹಲಗೆ ಅದು. ದಪ್ಪ ಹೆಚ್ಚಾಗಿ 12.5 ಮಿಲಿಮೀಟರ್. ಈ ಹಲಗೆಗಳನ್ನು ಮರದ ಇಲ್ಲವೇ ತಗಡಿನ ಕಂಬಗಳಿಗೆ ಸ್ಕ್ರೂ ಹೊಡೆದು ಕೂರಿಸಿರುತ್ತಾರೆ. ಕೆಲಸದವರು ಈ ಕಂಬಕ್ಕೆ ಸ್ಟಡ್ ಎನ್ನುತ್ತಾರೆ. ಒಂದು ಸ್ಟಡ್ಡಿನ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಸಾಮಾನ್ಯವಾಗಿ 400 ಅಥವಾ 600 ಮಿ.ಮೀ. ನಡುವೆ ಬರೀ ಗಾಳಿ, ಇಲ್ಲವೇ ಸದ್ದು ತಡೆಯಲು ತುಂಬಿದ ಗಾಜಿನ ಉಣ್ಣೆ.

ಜಿಪ್ಸಮ್‌ನ ಗುಣವೂ ವಿಚಿತ್ರ. ಒತ್ತಿದರೆ ತಕ್ಕಮಟ್ಟಿಗೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಅಲ್ಲಾಡಿಸಿದರೆ ಪುಡಿಯಾಗುತ್ತದೆ. ಬೋರ್ಡಿನ ಶಕ್ತಿಯಲ್ಲಿ ದೊಡ್ಡ ಪಾಲು ಇರುವುದು ಅದರ ಎರಡೂ ಕಡೆಯ ಕಾಗದದಲ್ಲಿ. ಕಾಗದ ಹರಿದ ಜಾಗದಲ್ಲಿ ಉಳಿಯುವುದು ಸೀಮೆಸುಣ್ಣದಷ್ಟೇ ಬಲ.

ಗೋಡೆಗೆ ಹಾಕುವ ನೈಲಾನ್ ಪ್ಲಗ್ ಗೊತ್ತಲ್ಲ? ಜರ್ಮನಿಯ ಆರ್ಟುರ್ ಫಿಶರ್ 1958ರಲ್ಲಿ ರೂಪಿಸಿದ್ದು. ಸ್ಕ್ರೂ ಒಳಗೆ ಹೋದಂತೆ ಪ್ಲಗ್ ಅಗಲವಾಗಿ ತೂತಿನ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಸುತ್ತ ಕಾಂಕ್ರೀಟ್ ಇದ್ದರೆ ಆ ಒತ್ತಡವೇ ಹಿಡಿತ. ಬೋರ್ಡಿನಲ್ಲಿ ಅದಕ್ಕೆ ಸಿಗುವುದು 12.5 ಮಿ.ಮೀ. ಮೆತ್ತನೆಯ ಜಿಪ್ಸಮ್. ಜಾಸ್ತಿ ಒತ್ತಿದರೆ ಅದು ಪುಡಿಯಾಗುತ್ತದೆ, ಕಮ್ಮಿ ಒತ್ತಿದರೆ ಹಿಡಿತವೇ ಇಲ್ಲ. ಒಳ್ಳೆಯ ಸಾಮಾನೇ ಆದರೂ ಅದರ ಜಾಗ ಇದಲ್ಲ.

ತೂಕಕ್ಕಿಂತ ಎಳೆತ ದೊಡ್ಡದು

ಅಂಗಡಿಯಲ್ಲಿ ಎಲ್ಲರೂ ಕೇಳುವುದು ಒಂದೇ: ಇದು ಎಷ್ಟು ಕೆ.ಜಿ. ತಡೆಯುತ್ತದೆ? ಈ ಪ್ರಶ್ನೆ ಅರ್ಧ ಮಾತ್ರ ಸರಿ. ಗೋಡೆಗೆ ಒತ್ತಿಕೊಂಡು ನೇತಾಡುವ ಕನ್ನಡಿಯ ಭಾರ ನೇರ ಕೆಳಗೆ ಇಳಿಯುತ್ತದೆ. ಅದನ್ನು ಬೋರ್ಡ್ ಒಂದು ಮಟ್ಟಕ್ಕೆ ತಡೆದುಕೊಳ್ಳುತ್ತದೆ. ಗೋಡೆಯಿಂದ ಹೊರಕ್ಕೆ ಚಾಚಿರುವ ಸಾಮಾನು ಹಾಗಲ್ಲ. ಅದರ ತುದಿಯ ಮೇಲೆ ಭಾರ ಬಿದ್ದಾಗ ಕೆಳ ಅಂಚು ಗೋಡೆಗೆ ಒತ್ತುತ್ತದೆ, ಮೇಲಿನ ಸ್ಕ್ರೂ ಹೊರಕ್ಕೆ ಎಳೆಯಲ್ಪಡುತ್ತದೆ. ಸನ್ನೆಕೋಲಿನ ಲೆಕ್ಕವೇ ಇದು.

ವಾಶ್‌ಬೇಸಿನ್ ತೆಗೆದುಕೊಳ್ಳಿ. ಗೋಡೆಯಿಂದ 45 ಸೆಂ.ಮೀ. ಮುಂದಕ್ಕೆ ಬಂದಿದೆ. ಅದನ್ನು ಹಿಡಿದ ಎರಡು ಬೋಲ್ಟುಗಳು ಬೇಸಿನ್ನಿನ ಕೆಳ ಅಂಚಿಗಿಂತ 15 ಸೆಂ.ಮೀ. ಮೇಲಿವೆ ಎಂದುಕೊಳ್ಳಿ. ಯಾರೋ ಮುಖ ತೊಳೆಯುವಾಗ ಮುಂದಿನ ಅಂಚಿನ ಮೇಲೆ ಎರಡೂ ಕೈ ಊರಿ 50 ಕೆ.ಜಿ. ಭಾರ ಹಾಕಿದರು. 50ನ್ನು 45ರಿಂದ ಗುಣಿಸಿ 15ರಿಂದ ಭಾಗಿಸಿ. ಉತ್ತರ 150. ಎರಡು ಬೋಲ್ಟಿಗೆ ಹಂಚಿದರೆ ಒಂದೊಂದಕ್ಕೂ 75 ಕೆ.ಜಿ. ಎಳೆತ, ಅದೂ ಗೋಡೆಯಿಂದ ನೇರ ಹೊರಕ್ಕೆ. ಬೇಸಿನ್ನಿನದೇ ತೂಕ, ಅದರಲ್ಲಿ ನಿಂತ ನೀರು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಟವಲ್ ರಾಡಿಗೂ ಇದೇ ಲೆಕ್ಕ. ಒದ್ದೆ ಟವಲ್ಲಿನ ಭಾರ ದೊಡ್ಡದೇನಲ್ಲ. ಆದರೆ ಟವಲನ್ನು ಯಾರೂ ಮೆಲ್ಲಗೆ ಎತ್ತಿಕೊಳ್ಳುವುದಿಲ್ಲ, ಎಳೆದುಕೊಳ್ಳುತ್ತಾರೆ. ಮಕ್ಕಳು ರಾಡಿಗೆ ಜೋತುಬೀಳುತ್ತಾರೆ. ಕಾಲು ಜಾರಿದವರು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ, ಅದು ಟವಲ್ ರಾಡೇ ಆಗಿರುತ್ತದೆ. ಹಾಗಾಗಿ ಡಬ್ಬಿಯ ಮೇಲಿನ ತೂಕ ನೋಡಿ ತೀರ್ಮಾನ ಮಾಡಬೇಡಿ. ಈ ಸಾಮಾನಿನ ಮೇಲೆ ಕೈ ಹೇಗೆ ಬೀಳುತ್ತದೆ, ಎಷ್ಟು ಸಲ ಬೀಳುತ್ತದೆ ಅಂತ ಮೊದಲು ಯೋಚಿಸಿ. ಪ್ಲಗ್ಗಿನ ಪ್ಯಾಕೆಟ್ ಮೇಲೆ ಬರೆದ ಕೆ.ಜಿ.ಯನ್ನೂ ನಾನು ಹಾಗೇ ನಂಬುವುದಿಲ್ಲ. ಬಹಳ ಸಲ ಅದು ಒಣಗಿದ ಹೊಸ ಬೋರ್ಡಿನಲ್ಲಿ ಕಿತ್ತುಬರುವ ಹೊತ್ತಿನ ಅಂಕಿ. ಅದರ ಕಾಲು ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ನಿದ್ದೆ ನೆಮ್ಮದಿಯಾಗಿ ಬರುತ್ತದೆ.

ಹಿಂದೆ ಏನಿದೆ ಅಂತ ಮೊದಲು ತಿಳಿಯಿರಿ

ಗೋಡೆ ತಟ್ಟಿ ನೋಡುವುದು ಹಳೇ ವಿಧಾನ, ಈಗಲೂ ಕೆಲಸಕ್ಕೆ ಬರುತ್ತದೆ. ಟೊಳ್ಳು ಜಾಗದಲ್ಲಿ ಸದ್ದು ಗುಂಯ್ ಎನ್ನುತ್ತದೆ, ಸ್ಟಡ್ ಇರುವಲ್ಲಿ ಗಟ್ಟಿಯಾಗಿ ಕೇಳಿಸುತ್ತದೆ. ಟೈಲ್ಸ್ ಇದ್ದರೆ ಈ ವ್ಯತ್ಯಾಸ ಅಷ್ಟು ತಿಳಿಯುವುದಿಲ್ಲ. ಆಗ ದಾರಕ್ಕೆ ಕಟ್ಟಿದ ಬಲವಾದ ಅಯಸ್ಕಾಂತ ಒಳ್ಳೆಯದು. ಬೋರ್ಡನ್ನು ಸ್ಟಡ್ಡಿಗೆ ಹಿಡಿಸಿದ ಸ್ಕ್ರೂಗಳ ತಲೆ, ತಗಡಿನ ಸ್ಟಡ್ ಆದರೆ ಇಡೀ ಸ್ಟಡ್ಡೇ, ಅದನ್ನು ಎಳೆಯುತ್ತದೆ. ಮೇಲಿಂದ ಕೆಳಕ್ಕೆ ಒಂದೇ ಗೆರೆಯಲ್ಲಿ ಎರಡು ಮೂರು ಕಡೆ ಎಳೆದರೆ ಅಲ್ಲೇ ಸ್ಟಡ್ ಇದೆ. ಅಲ್ಲಿಂದ 400 ಅಥವಾ 600 ಮಿ.ಮೀ. ಅಳೆದು ಮುಂದಿನದ್ದನ್ನು ಹುಡುಕಿ. ಗೋಡೆಯ ಆಚೆ ಬದಿಯಲ್ಲಿ ಟೈಲ್ಸ್ ಇಲ್ಲದಿದ್ದರೆ ಅಲ್ಲಿಂದಲೇ ಹುಡುಕುವುದು ಇನ್ನೂ ಸುಲಭ. ಬಾಗಿಲ ಚೌಕಟ್ಟನ್ನು ಗುರುತಿಟ್ಟುಕೊಂಡು ಅಳತೆಯನ್ನು ಈಚೆಗೆ ತಂದರಾಯಿತು.

ಪೈಪು, ವೈರು ಎಲ್ಲಿ ಓಡಿವೆ ಎಂಬುದೂ ಈಗಲೇ ಗೊತ್ತಾಗಬೇಕು. ನಲ್ಲಿ, ಶವರ್, ಸ್ವಿಚ್ ಬೋರ್ಡ್ ಇವುಗಳ ನೇರ ಮೇಲೆ, ನೇರ ಕೆಳಗೆ ಕೊರೆಯಲು ಹೋಗಬೇಡಿ. ವೈರು ಪತ್ತೆ ಮಾಡುವ ಉಪಕರಣ ಬಾಡಿಗೆಗೆ ಸಿಕ್ಕರೂ ತೆಗೆದುಕೊಳ್ಳಿ. ಕೊರೆಯುವಾಗ ಆ ಸರ್ಕ್ಯೂಟಿನ ಕರೆಂಟ್ ಆಫ್ ಇರಲಿ.

ಇನ್ನೊಂದು ಸಾಧ್ಯತೆ ಇದೆ, ಬಹಳ ಜನ ಇದನ್ನು ಗಮನಿಸುವುದಿಲ್ಲ. ಕೆಲವು ಮನೆಗಳಲ್ಲಿ ಬೋರ್ಡನ್ನು ಇಟ್ಟಿಗೆ ಗೋಡೆಗೇ ಅಂಟಿನ ಮುದ್ದೆಗಳಿಂದ ಅಂಟಿಸಿರುತ್ತಾರೆ. ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಆದರೆ ಒಂದೆರಡು ಸೆಂ.ಮೀ. ಒಳಗೆ ಗಟ್ಟಿ ಗೋಡೆಯಿದೆ. ಒಂದು ತೆಳು ತೂತು ಕೊರೆದು ತಂತಿ ಹಾಕಿ ನೋಡಿ. ಬೇಗನೇ ಗಟ್ಟಿ ತಗುಲಿ, ಡ್ರಿಲ್ಲಿನ ಬಿಟ್‌ಗೆ (ಕೊರೆಯುವ ಕಡ್ಡಿಗೆ) ಇಟ್ಟಿಗೆ ಪುಡಿ ಅಂಟಿದರೆ ನಿಮ್ಮ ಕೆಲಸ ಸುಲಭವಾಯಿತು. ಬೋರ್ಡನ್ನು ದಾಟಿ ಇಟ್ಟಿಗೆಯೊಳಗೆ 50–60 ಮಿ.ಮೀ. ಹೋಗುವಂಥ ಉದ್ದ ಪ್ಲಗ್, ಉದ್ದ ಸ್ಕ್ರೂ ಹಾಕಿ.

ಹಿಂದೆ ಮರ ಇರಬೇಕು

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಬೋರ್ಡ್ ಬರೀ ಹೊದಿಕೆ. ಭಾರ ಹೊರಬೇಕಾದ್ದು ಅದರ ಹಿಂದಿನ ಚೌಕಟ್ಟು. ಸ್ಕ್ರೂ ಬೋರ್ಡನ್ನು ದಾಟಿ ಚೌಕಟ್ಟಿಗೆ ಕಚ್ಚಿಕೊಂಡರೆ ಕೆಲಸ ಗಟ್ಟಿ. ಕಷ್ಟ ಏನೆಂದರೆ, ಬೇಸಿನ್ನಿನ ಬೋಲ್ಟ್ ಬರಬೇಕಾದ ಕಡೆಯಲ್ಲೇ ಸ್ಟಡ್ ಇರುವುದು ಅಪರೂಪ. ಇದ್ದರೂ ತಗಡಿನ ಸ್ಟಡ್ಡಿನ ದಪ್ಪ ಅರ್ಧ ಮಿ.ಮೀ. ಆಸುಪಾಸು. ಮರದ ಸ್ಕ್ರೂ ಅದರಲ್ಲಿ ಕಚ್ಚುವುದಿಲ್ಲ, ಬಿಗಿ ಮಾಡಿದಷ್ಟೂ ತೂತು ದೊಡ್ಡದಾಗುತ್ತದೆ.

ಹಾಗಾಗಿ ಗೋಡೆ ಇನ್ನೂ ತೆರೆದಿರುವಾಗಲೇ ಎರಡು ಸ್ಟಡ್‌ಗಳ ನಡುವೆ ಅಡ್ಡ ಮರ ಅಥವಾ 18 ಮಿ.ಮೀ. ದಪ್ಪದ ಪ್ಲೈವುಡ್ ತುಂಡು ಕೂರಿಸಿ, ಎರಡೂ ಕಡೆ ಸ್ಟಡ್‌ಗೆ ಸ್ಕ್ರೂ ಮಾಡಬೇಕು. ನೀರಿನ ಜಾಗವಾದ್ದರಿಂದ ತೇವ ತಡೆಯುವ ಪ್ಲೈವುಡ್ಡೇ ಆಗಲಿ. ಸಾಮಾನಿನ ಅಗಲಕ್ಕೆ ಸರಿಯಾಗಿ ಕತ್ತರಿಸಬೇಡಿ, ಧಾರಾಳವಾಗಿ ಹಾಕಿ. ನಾಳೆ ಬೇರೆ ಬೇಸಿನ್ ಬಂದರೆ ಅದರ ಬೋಲ್ಟು ಐದು ಸೆಂ.ಮೀ. ಮೇಲೋ ಕೆಳಗೋ ಇರುತ್ತದೆ. ಬೇಸಿನ್ ಹಿಂದೆ, ಕಮೋಡಿನ ಎರಡೂ ಬದಿಗೆ, ಶವರ್ ಜಾಗದಲ್ಲಿ, ಟವಲ್ ರಾಡಿನ ಎತ್ತರದಲ್ಲಿ ಮರ ಇರಲಿ. ಈಗ ಬೇಡ ಅನ್ನಿಸಿದರೂ ಹಿಡಿಗಂಬಿಯ ಜಾಗಕ್ಕೂ ಹಾಕಿಬಿಡಿ. ಮನೆಯವರಿಗೆ ವಯಸ್ಸಾದಾಗ ಅಥವಾ ಯಾರದೋ ಕಾಲು ಮುರಿದಾಗ ಅದರ ಬೆಲೆ ಗೊತ್ತಾಗುತ್ತದೆ. ಬೋರ್ಡ್ ಮುಚ್ಚುವ ಮೊದಲು ಟೇಪನ್ನು ನೆಲದಿಂದ ಹಿಡಿದು ಫೋಟೋ ತೆಗೆದಿಡಿ. ಟೈಲ್ಸ್ ಬಿದ್ದ ಮೇಲೆ ಮರ ಎಲ್ಲಿದೆ ಅಂತ ಹೇಳುವುದು ಆ ಫೋಟೋ ಮಾತ್ರ.

ಗೋಡೆ ಮುಚ್ಚಿ, ಟೈಲ್ಸ್ ಹಾಕಿ ವರ್ಷಗಳಾಗಿದ್ದರೆ? ಆಚೆ ಬದಿಗೆ ಹೋಗಿ. ಬಾತ್‌ರೂಮಿನ ಹಿಂದೆ ಮಲಗುವ ಕೋಣೆಯೋ ಓಣಿಯೋ ಇರುತ್ತದೆ, ಅಲ್ಲಿ ಬಣ್ಣ ಬಳಿದ ಬರೀ ಬೋರ್ಡ್ ಇರುತ್ತದೆ. ವೈರು ಪೈಪು ನೋಡಿಕೊಂಡು, ಸ್ಟಡ್ಡಿನಿಂದ ಸ್ಟಡ್ಡಿಗೆ ಚೌಕಾಕಾರವಾಗಿ ಆ ಬೋರ್ಡನ್ನು ಕತ್ತರಿಸಿ ತೆಗೆಯಿರಿ. ಪ್ಲೈವುಡ್ಡನ್ನು ಬಾತ್‌ರೂಮ್ ಕಡೆಯ ಬೋರ್ಡಿನ ಬೆನ್ನಿಗೆ ತಾಗುವ ಹಾಗೆ ಸ್ಟಡ್‌ಗಳ ನಡುವೆ ಬಿಗಿದು, ಕತ್ತರಿಸಿದ ತುಂಡನ್ನು ಮತ್ತೆ ಕೂರಿಸಿ, ಸಂದಿಗೆ ಟೇಪು ಪುಟ್ಟಿ ಹಾಕಿ ಬಣ್ಣ ಬಳಿಯಿರಿ. ಒಂದು ಟೈಲೂ ಒಡೆಯಲಿಲ್ಲ, ನೀರು ತಡೆಯುವ ಪದರಕ್ಕೂ ಏನೂ ಆಗಲಿಲ್ಲ. ಬಾತ್‌ರೂಮ್ ಕಡೆಯಿಂದ ಒಡೆಯುವುದಕ್ಕಿಂತ ಇದು ಎಷ್ಟೋ ವಾಸಿ. ಆದರೂ ಈ ದಾರಿಯನ್ನು ಸೂಚಿಸುವವರು ಕಮ್ಮಿ.

ಮರ ಹಾಕಲು ಆಗದಿದ್ದಾಗ

ಹಗುರ ಸಾಮಾನಿಗೆಲ್ಲ ಗೋಡೆ ಬಿಚ್ಚುವ ಅಗತ್ಯವಿಲ್ಲ. ಟೊಳ್ಳು ಗೋಡೆಗೆಂದೇ ಮಾಡಿದ ಆಂಕರುಗಳಿವೆ. ಅವುಗಳ ಉಪಾಯ ಒಂದೇ: ತೂತಿನೊಳಗೆ ಅಗಲವಾಗುವ ಬದಲು ಬೋರ್ಡಿನ ಬೆನ್ನ ಹಿಂದೆ ಹೋಗಿ ಅಗಲವಾಗುವುದು. ಎಳೆತವನ್ನು ಆಗ ಬೋರ್ಡಿನ ಹಿಂಬದಿಯ ದೊಡ್ಡ ಜಾಗ ಹಂಚಿಕೊಳ್ಳುತ್ತದೆ.

ದಪ್ಪ ಸುರುಳಿಯ, ಬೋರ್ಡಿಗೆ ನೇರ ತಿರುಗಿಸುವ ಆಂಕರ್ ಈ ಜಾತಿಗೆ ಸೇರಿದ್ದಲ್ಲ. ಅದು ಜಿಪ್ಸಮನ್ನೇ ಕಚ್ಚುತ್ತದೆ. ಚಿಕ್ಕ ಕೊಕ್ಕೆ, ಸಣ್ಣ ಕನ್ನಡಿಗೆ ಸಾಕು, ಎಳೆಯುವ ಸಾಮಾನಿಗೆ ಬೇಡ. ಲೋಹದ ಹಾಲೋ ವಾಲ್ ಆಂಕರ್ ಇನ್ನೊಂದು ಬಗೆ. ಕೆಲವರು ಇದಕ್ಕೆ ಮಾಲಿ ಬೋಲ್ಟ್ ಎನ್ನುತ್ತಾರೆ. ತೂತಿಗೆ ಹಾಕಿ ಸ್ಕ್ರೂ ತಿರುಗಿಸಿದರೆ, ಇಲ್ಲವೇ ಅದರದೇ ಗನ್ನಿನಿಂದ ಎಳೆದರೆ, ಹಿಂದೆ ಅದರ ಕಾಲುಗಳು ಮಡಚಿ ಛತ್ರಿಯಂತೆ ಬೋರ್ಡನ್ನು ಅಪ್ಪುತ್ತವೆ. ಟವಲ್ ರಾಡು, ಪೇಪರ್ ಹೋಲ್ಡರ್, ಸಣ್ಣ ಕಪಾಟಿಗೆ ನಾನು ಹೇಳುವುದು ಇದನ್ನೇ. ಸ್ಕ್ರೂ ಬಿಚ್ಚಿದರೂ ಆಂಕರ್ ಜಾಗದಲ್ಲೇ ಇರುತ್ತದೆ. ಇನ್ನೂ ಬಲ ಬೇಕಾದರೆ ಟಾಗಲ್ ಬೋಲ್ಟ್: ಉಕ್ಕಿನ ಪಟ್ಟಿ ಅಥವಾ ರೆಕ್ಕೆ ಹಿಂದೆ ಅಡ್ಡ ನಿಲ್ಲುತ್ತದೆ. ಇದಕ್ಕೆ ತೂತು ದೊಡ್ಡದು ಬೇಕು. ಸ್ಪ್ರಿಂಗ್ ರೆಕ್ಕೆಯದ್ದಾದರೆ ಬೋಲ್ಟ್ ಪೂರ್ತಿ ಬಿಚ್ಚಿದ ಕೂಡಲೇ ರೆಕ್ಕೆ ಗೋಡೆಯೊಳಗೆ ಬಿದ್ದುಹೋಗುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಹಿಡಿದು ಕೂರಿಸುವ ಬಗೆಯಲ್ಲಿ ಆ ತೊಂದರೆ ಇಲ್ಲ. ಟಾಗಲ್ಲಿಗೆ ಇನ್ನೊಂದು ಉಪಯೋಗವೂ ಇದೆ. ತಗಡಿನ ಸ್ಟಡ್ಡಿನ ನಡುಮಧ್ಯಕ್ಕೇ ತೂತು ಕೊರೆದು ಟಾಗಲ್ ಹಾಕಿದರೆ ಬೋರ್ಡ್, ತಗಡು ಎರಡೂ ಅದರ ಹಿಡಿತಕ್ಕೆ ಸಿಗುತ್ತವೆ.

ಜನ ಎಡವುವುದು ಅಳತೆಯಲ್ಲಿ. ಪ್ರತಿ ಆಂಕರಿಗೂ ಅದು ಹಿಡಿಯಬಲ್ಲ ಗೋಡೆಯ ದಪ್ಪ ಇಷ್ಟರಿಂದ ಇಷ್ಟು ಅಂತ ಇರುತ್ತದೆ. ಬೋರ್ಡ್ 12.5 ಮಿ.ಮೀ. ಅಂತ ಅದಕ್ಕೆ ತಕ್ಕದ್ದನ್ನು ತಂದರೆ ಟೈಲ್ಸ್ ಲೆಕ್ಕಕ್ಕೆ ಬರಲೇ ಇಲ್ಲ. ಟೈಲ್ 8, ಅದರ ಅಂಟು 3 ಅಥವಾ 4. ಅಲ್ಲಿಗೆ ಒಟ್ಟು 24 ಮಿ.ಮೀ. ಹತ್ತಿರವಾಯಿತು. ಬೋರ್ಡ್ ಎರಡು ಪದರ ಇದ್ದರೆ ಇನ್ನೂ 12.5 ಕೂಡಿಸಿ. ಗಿಡ್ಡ ಆಂಕರ್ ಹಾಕಿದರೆ ಅದರ ಕಾಲುಗಳು ಬೋರ್ಡಿನ ಒಳಗೇ ಮಡಚಲು ನೋಡುತ್ತವೆ, ಜಿಪ್ಸಮ್ ಒಡೆಯುತ್ತದೆ. ತೆಳು ತೂತಿಗೆ ತುದಿ ಮಡಚಿದ ತಂತಿ ಹಾಕಿ, ಹಿಂಬದಿಗೆ ಸಿಕ್ಕಿಸಿ, ಮುಂದೆ ಬೆರಳಿಟ್ಟು ಎಳೆದು ಅಳೆದರೆ ದಪ್ಪ ಎಷ್ಟೆಂದು ಗೊತ್ತಾಗುತ್ತದೆ.

ಕೊರೆಯುವ ಕ್ರಮವನ್ನೂ ಹೇಳಿಬಿಡುತ್ತೇನೆ. ಟೈಲ್ ಮೇಲೆ ಪೇಪರ್ ಟೇಪ್ ಅಂಟಿಸಿ ಗುರುತು ಹಾಕಿ. ಟೈಲಿನ ಅಂಚಿಗೆ ತೀರಾ ಹತ್ತಿರ ಬೇಡ, ಬಿರುಕು ಬಿಡುತ್ತದೆ. ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ. ಈ ಗೋಡೆಯಲ್ಲಿ ಅದು ಯಾವ ಹಂತದಲ್ಲೂ ಬೇಡ, ಟೈಲನ್ನೂ ಒಡೆಯುತ್ತದೆ, ಬೋರ್ಡಿನ ಬೆನ್ನನ್ನೂ ಕಿತ್ತು ಹಾಕುತ್ತದೆ. ಮೆತ್ತನೆಯ ಸಿರಾಮಿಕ್ ಟೈಲಿಗೆ ಕಾರ್ಬೈಡ್ ಬಿಟ್ ಸಾಕು, ಗಟ್ಟಿ ವಿಟ್ರಿಫೈಡ್ ಟೈಲಿಗೆ ಡೈಮಂಡ್ ಬಿಟ್ಟೇ ಬೇಕು. ನಿಧಾನ ವೇಗ, ಸ್ವಲ್ಪ ಸ್ವಲ್ಪ ನೀರು. ಟೈಲ್ ದಾಟಿದ್ದು ಕೈಗೇ ಗೊತ್ತಾಗುತ್ತದೆ, ಬಿಟ್ ಒಮ್ಮೆಲೇ ಹಗುರವಾಗುತ್ತದೆ. ಅಲ್ಲಿ ನಿಲ್ಲಿಸಿ ನೀರು ಒರೆಸಿ, ಬೋರ್ಡನ್ನು ಒಣಗಿದ ಬಿಟ್‌ನಲ್ಲಿ, ಒತ್ತದೆ ಕೊರೆಯಿರಿ. ಒತ್ತಿದರೆ ಹಿಂದಿನ ಕಾಗದ ದೊಡ್ಡ ಚೂರಾಗಿ ಹರಿಯುತ್ತದೆ. ಆಂಕರ್ ಬೆನ್ನಿಗಾನಿಸಿ ನಿಲ್ಲಬೇಕಾದ್ದು ಆ ಕಾಗದದ ಮೇಲೇ.

ಆಂಕರಿಗೆ ಒಪ್ಪಿಸಬಾರದ ಸಾಮಾನುಗಳು

ಗೋಡೆಗೆ ತೂಗುವ ಕಮೋಡ್ ಮೊದಲನೆಯದು. ಯೂರೋಪಿನ ಇಎನ್ 997 ಮಾನದಂಡದಲ್ಲಿ ಇಂಥ ಕಮೋಡನ್ನು 4 ಕಿಲೋನ್ಯೂಟನ್, ಅಂದರೆ ಸುಮಾರು 400 ಕೆ.ಜಿ. ಭಾರ ಹಾಕಿ ಪರೀಕ್ಷಿಸುತ್ತಾರೆ. ಇಷ್ಟು ಭಾರ ಬೋರ್ಡಿನ ಮೂಲಕ ಹೋಗುವ ಮಾತೇ ಇಲ್ಲ. ಗೋಡೆಯೊಳಗೆ ಉಕ್ಕಿನ ಚೌಕಟ್ಟು ನಿಲ್ಲಿಸಿ, ಅದರ ಕಾಲುಗಳನ್ನು ನೆಲದ ಕಾಂಕ್ರೀಟಿಗೆ ಬೋಲ್ಟ್ ಮಾಡುತ್ತಾರೆ. ಭಾರ ನೆಲಕ್ಕೆ ಇಳಿಯುತ್ತದೆ. ಆ ಚೌಕಟ್ಟು ಹಾಕಲು ಆಗದ ಮನೆಯಲ್ಲಿ ನೆಲದ ಮೇಲೆ ಕೂರುವ ಕಮೋಡೇ ಸರಿ.

ಹಿಡಿಗಂಬಿ ಎರಡನೆಯದು. ಇದರಲ್ಲಿ ರಾಜಿ ಬೇಡವೇ ಬೇಡ. ಬಿದ್ದೇ ಹೋಗುತ್ತೇನೆ ಅನ್ನುವ ಕ್ಷಣದಲ್ಲಿ ಹಿಡಿಯುವ ಕಂಬಿ ಅದು. ಅಮೆರಿಕದ ಅಂಗವಿಕಲರ ಸೌಲಭ್ಯದ ನಿಯಮ ಇಂಥ ಕಂಬಿ 250 ಪೌಂಡ್, ಸುಮಾರು 113 ಕೆ.ಜಿ. ಬಲ ತಡೆಯಬೇಕು ಎನ್ನುತ್ತದೆ. ಪ್ರತಿ ತುದಿಯ ಸ್ಕ್ರೂಗಳೂ ಮರಕ್ಕೆ ಹೋಗಿರಬೇಕು. ಮರ ಇಲ್ಲದಿದ್ದರೆ, ಹಾಕಿಸುವವರೆಗೆ ಕಂಬಿ ಬೇಡ. ಸಡಿಲ ಕಂಬಿ ಕಂಬಿಯೇ ಇಲ್ಲದ್ದಕ್ಕಿಂತ ಅಪಾಯ, ಏಕೆಂದರೆ ಅದನ್ನು ನಂಬಿ ಜನ ಮೈಭಾರ ಬಿಡುತ್ತಾರೆ. ಗಾಳಿ ಒತ್ತಡದಿಂದ ಟೈಲಿಗೆ ಅಂಟುವ ಕಂಬಿಗಳ ಬಗ್ಗೆಯೂ ನನ್ನ ಅಭಿಪ್ರಾಯ ಇದೇ.

ಬೇಸಿನ್ನಿನ ಲೆಕ್ಕವನ್ನು ಮೇಲೆ ನೋಡಿದಿರಿ. ಗೋಡೆಗೆ ತೂಗುವ ಬೇಸಿನ್ನಿಗೆ ಇಎನ್ 14688 ಹೇಳುವ ಪರೀಕ್ಷೆ 1.5 ಕಿಲೋನ್ಯೂಟನ್, ಸುಮಾರು 150 ಕೆ.ಜಿ. ಮರ ಹಾಕಲು ದಾರಿಯೇ ಇಲ್ಲದಿದ್ದರೆ ಭಾರವನ್ನು ನೆಲಕ್ಕೆ ಇಳಿಸಿ. ಕೆಳಗೆ ಕಂಬವಿರುವ ಬೇಸಿನ್ ಅಥವಾ ನೆಲದ ಮೇಲೆ ನಿಲ್ಲುವ ಕಪಾಟಿನ ಬೇಸಿನ್ ತಂದರೆ, ಗೋಡೆಯ ಬೋಲ್ಟು ಅದನ್ನು ಮುಂದಕ್ಕೆ ಬಾಗದಂತೆ ಹಿಡಿದರೆ ಸಾಕು. ಇನ್ನು ನೀರು ಕಾಯಿಸುವ ಗೀಸರ್. 25 ಲೀಟರಿನದ್ದು ಎಂದರೆ ನೀರೇ 25 ಕೆ.ಜಿ., ಅದರ ಮೇಲೆ ಟ್ಯಾಂಕಿನ ತೂಕ, ಜೊತೆಗೆ ಕರೆಂಟು, ಬಿಸಿನೀರು. ಬರೀ ಬೋರ್ಡಿಗೆ ಅದನ್ನು ನೇತುಹಾಕುವ ಯೋಚನೆಯನ್ನೇ ಬಿಡಿ.

ನೀರು ಒಳಗೆ ಹೋಗದಿರಲಿ

ಪ್ರತಿ ತೂತೂ ನೀರಿಗೊಂದು ಬಾಗಿಲು. ಒದ್ದೆಯಾದ ಜಿಪ್ಸಮ್ ಮೆತ್ತಗಾಗುತ್ತದೆ, ಕಾಗದ ಬೂಷ್ಟು ಹಿಡಿಯುತ್ತದೆ. ನಿನ್ನೆವರೆಗೆ ಗಟ್ಟಿಯಾಗಿದ್ದ ಆಂಕರ್ ಸಡಿಲವಾಗುವುದಕ್ಕೆ ಬಹಳ ಸಲ ಇದೇ ಕಾರಣ. ಬಾತ್‌ರೂಮಿಗೆ ಹಾಕುವ ಹಸಿರು ಬಣ್ಣದ ಬೋರ್ಡ್ ನೀರನ್ನು ಕಮ್ಮಿ ಹೀರುತ್ತದೆ ಅಷ್ಟೇ, ಪೂರ್ತಿ ತಡೆಯುವುದಿಲ್ಲ. ಅದರಲ್ಲಿ ಅತಿ ಒಳ್ಳೆಯ ದರ್ಜೆಯದ್ದೂ ಎರಡು ಗಂಟೆ ನೀರಲ್ಲಿ ಮುಳುಗಿಸಿದರೆ ತನ್ನ ತೂಕದ 5 ಶೇಕಡಾದವರೆಗೆ ನೀರು ಹೀರಬಹುದು ಎಂದು ಯೂರೋಪಿನ ಮಾನದಂಡ ಒಪ್ಪುತ್ತದೆ. ಶವರ್ ನೇರ ಬೀಳುವ ಗೋಡೆಗೆ ಸಿಮೆಂಟ್ ಬೋರ್ಡ್, ಅದರ ಮೇಲೆ ವಾಟರ್‌ಪ್ರೂಫಿಂಗ್ ಇರುವುದು ಒಳ್ಳೆಯದು.

ಆಂಕರ್ ಕೂರಿಸುವ ಮೊದಲು ತೂತಿನೊಳಗೆ ಸ್ವಲ್ಪ ಸಿಲಿಕಾನ್ ಹಾಕಿ. ಸಾಮಾನಿನ ಬುಡದ ಸುತ್ತಲೂ ಒಂದು ಗೆರೆ ಎಳೆಯಿರಿ, ಆದರೆ ಕೆಳಗಡೆ ಸಣ್ಣ ಜಾಗ ಬಿಡಿ. ಒಳಗೆ ನೀರು ಸೇರಿದರೂ ಅಲ್ಲಿಂದ ಇಳಿದುಹೋಗುತ್ತದೆ. ವಿನೆಗರ್ ವಾಸನೆಯ ಸಿಲಿಕಾನ್ ಕೆಲವು ಲೋಹಗಳನ್ನು ತಿನ್ನುತ್ತದೆ, ನ್ಯೂಟ್ರಲ್ ಅಂತ ಬರೆದದ್ದನ್ನು ಕೇಳಿ ತನ್ನಿ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ.

ಈಗಾಗಲೇ ಸಡಿಲವಾದದ್ದನ್ನು ಸರಿಮಾಡುವಾಗ ಹಳೇ ತೂತಿಗೆ ಪುಟ್ಟಿ ತುಂಬಿ ಅದೇ ಪ್ಲಗ್ ಹಾಕಬೇಡಿ. ಬೆಂಕಿಕಡ್ಡಿ ತುರುಕುವುದೂ ಬೇಡ. ಅಲ್ಲಿ ಹಿಡಿಯಲು ಏನೂ ಉಳಿದಿಲ್ಲ. ಪುಡಿಯಾದದ್ದನ್ನೆಲ್ಲ ಕೆರೆದು ತೆಗೆದು, ಬೋರ್ಡ್ ಒದ್ದೆಯಿದೆಯಾ ಅಂತ ಬೆರಳಿನಿಂದ ಒತ್ತಿ ನೋಡಿ. ಒದ್ದೆಯಿದ್ದರೆ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ಒಣಗಿದ್ದು, ತೂತು ಟಾಗಲ್ಲಿಗೆ ಬೇಕಾದಷ್ಟೇ ದೊಡ್ಡದಾಗಿದ್ದರೆ ಅದೇ ಜಾಗದಲ್ಲಿ ಟಾಗಲ್ ಹಾಕಬಹುದು. ಅದಕ್ಕಿಂತ ದೊಡ್ಡದಾಗಿದ್ದರೆ ಒಂದು ಪಟ್ಟಿಯ ಸಹಾಯ ತೆಗೆದುಕೊಳ್ಳಿ. ಎರಡು ಸ್ಟಡ್‌ಗಳಿಗೆ ಮುಟ್ಟುವಷ್ಟು ಉದ್ದದ ಮರದ ಪಟ್ಟಿಗೆ ಎಲ್ಲ ಬದಿಗೂ ಚೆನ್ನಾಗಿ ವಾರ್ನಿಶ್ ಹೊಡೆದು, ಗೋಡೆಯ ಮೇಲೆಯೇ ಸ್ಟಡ್‌ಗಳಿಗೆ ಬಿಗಿಯಿರಿ. ಸ್ಟಡ್ ಮರದ್ದಾದರೆ ಉದ್ದ ಸ್ಕ್ರೂ, ತಗಡಿನದ್ದಾದರೆ ಟಾಗಲ್. ರಾಡನ್ನು ಆ ಪಟ್ಟಿಗೆ ಹಾಕಿ. ಹಳೇ ತೂತು ಪಟ್ಟಿಯ ಹಿಂದೆ ಮುಚ್ಚಿಹೋಗುತ್ತದೆ, ರಾಡನ್ನು ಪಟ್ಟಿಯ ಮೇಲೆ ಎಲ್ಲಿ ಬೇಕಾದರೂ ಕೂರಿಸಬಹುದು.